ಟಿಕೆಟ್ ಕೌಂಟರಿನಲ್ಲಿ ಮಗುವಿನ ವಯಸ್ಸೆಷ್ಟು?



ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಿಂದೆ ಪ್ರವಾಸವೆಂದರೆ ಮೈಸೂರು, ಶ್ರೀರಂಗಪಟ್ಟಣ, ಹೆಚ್ಚೆಂದರೆ ದಿಲ್ಲಿ-ಆಗ್ರಾ. ಈಗ ಹಾಗಿಲ್ಲ. ಗಲ್ಫಿನಲ್ಲಿ ದುಡಿಯುವ ಯಜಮಾನರು ರಜೆಯಲ್ಲಿ ಹೆಂಡತಿ ಮಕ್ಕಳನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳುತ್ತಾರೆ. ಉಮ್ರಾ ಯಾತ್ರೆಯ ಜೊತೆಗೆ ಟರ್ಕಿ, ಈಜಿಪ್ಟ್ ಸೇರಿಸಿದ ಪ್ಯಾಕೇಜುಗಳು ಬಂದಿವೆ. ಮಗ ಜರ್ಮನಿಯಲ್ಲಿ, ಮಗಳು ಬ್ರಿಟನ್ನಿನಲ್ಲಿ ಓದುತ್ತಿರುವ ಮನೆಗಳು ನಮ್ಮ ಊರುಗಳಲ್ಲೂ ಇವೆ. ಭೂಮಿಯಲ್ಲಿ ಸಂಚರಿಸಿ, ಹಿಂದೆ ಬಾಳಿ ಹೋದವರ ಗತಿಯನ್ನು ನೋಡಿ ಪಾಠ ಕಲಿಯಬೇಕೆಂದು ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಆದ್ದರಿಂದ ಪ್ರವಾಸವನ್ನು ಬರೀ ಮೋಜು ಎಂದು ತಳ್ಳಿ ಹಾಕುವಂತಿಲ್ಲ.

ಆದರೆ ಪ್ರವಾಸದ ಹಣ ಆಕಾಶದಿಂದ ಉದುರುವುದಿಲ್ಲ. ವಿಮಾನದ ಟಿಕೆಟ್ ಮತ್ತು ಹೋಟೆಲಿನ ಲೆಕ್ಕವನ್ನು ನಾವು ಮೊದಲೇ ಹಾಕುತ್ತೇವೆ. ನೋಡಬೇಕಾದ ಸ್ಥಳಗಳ ಪ್ರವೇಶ ಶುಲ್ಕದ ಲೆಕ್ಕವನ್ನು ಮಾತ್ರ ಮರೆಯುತ್ತೇವೆ. ಅಲ್ಲಿಗೆ ಹೋಗಿ ನಿಂತಾಗಲೇ ಎದೆ ಝಲ್ಲೆನ್ನುವುದು. ಹೀಗಿರುವಾಗ ವಿದ್ಯಾರ್ಥಿಗಳಿಗೂ ಯುವಕರಿಗೂ ಮಕ್ಕಳಿಗೂ ಸಿಗುವ ರಿಯಾಯಿತಿಯ ಬಗ್ಗೆ ತಿಳಿದಿರುವುದು ಮನೆಯ ಆರ್ಥಿಕ ಹೊಣೆ ಹೊತ್ತ ಪ್ರತಿಯೊಬ್ಬ ತಾಯಿಗೂ ಅಗತ್ಯ. ಈ ಸಲ ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ಆದರೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಉಪವಾಸಕ್ಕೆ ದೊಡ್ಡವಳು, ಟಿಕೆಟಿಗೆ ಚಿಕ್ಕವಳು

ಕೆಲವು ವರ್ಷಗಳ ಹಿಂದೆ ನಾವು ಮಕ್ಕಳೊಂದಿಗೆ ಗಲ್ಫಿನ ಒಂದು ನಗರಕ್ಕೆ ಹೋಗಿದ್ದೆವು. ಅಲ್ಲಿನ ಒಂದು ಮನೋರಂಜನಾ ಉದ್ಯಾನದಲ್ಲಿ ದೊಡ್ಡವರಿಗೆ ಪೂರ್ಣ ದರ, 12 ವರ್ಷದವರೆಗಿನ ಮಕ್ಕಳಿಗೆ ಅರ್ಧ ದರ ಎಂದು ಬರೆದಿತ್ತು. ನನ್ನ ಎರಡನೆಯ ಮಗಳಿಗೆ 13 ತುಂಬಿ ಮೂರು ತಿಂಗಳಾಗಿತ್ತು. ನೋಡಲು ಸಣ್ಣ ಮೈಕಟ್ಟಿನವಳು. ಕೌಂಟರಿನ ಹುಡುಗಿ ವಯಸ್ಸು ಕೇಳಿದಾಗ ನನ್ನ ಬಾಯಿಂದ ಯೋಚಿಸದೆಯೇ 'ಹನ್ನೆರಡು' ಎಂದು ಹೊರಟಿತು. ಆಕೆ ಪಾಸ್‌ಪೋರ್ಟ್ ಕೇಳಲಿಲ್ಲ. ಟಿಕೆಟ್ ಕೊಟ್ಟು ನಗುತ್ತಾ ಒಳಗೆ ಕಳಿಸಿದಳು. ಹಣ ಉಳಿಯಿತೆಂದು ನಾನೂ ಒಳಗೊಳಗೇ ಹಿಗ್ಗಿದೆ.

ರಾತ್ರಿ ಮಲಗುವಾಗ ಮಗಳು ಮೆಲ್ಲನೆ ಕೇಳಿದಳು: "ಉಮ್ಮಾ, ನನಗೆ ಹದಿಮೂರು ಅಲ್ವಾ? ರಮಝಾನಿನಲ್ಲಿ ನೀನೀಗ ದೊಡ್ಡವಳು, ಎಲ್ಲ ಉಪವಾಸ ಹಿಡಿಯಬೇಕು ಅಂತ ನೀವೇ ಹೇಳಿದ್ರಲ್ಲಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಾಹನ ಮುಂದೆ ದೊಡ್ಡವಳಾದ ಮಗಳು ಟಿಕೆಟ್ ಕೌಂಟರಿನ ಮುಂದೆ ಚಿಕ್ಕವಳಾದದ್ದು ಹೇಗೆ?

ಅಬ್ದುಲ್ಲಾ ಬಿನ್ ಆಮಿರ್(ರ)ರವರು ವರದಿ ಮಾಡಿರುವ ಒಂದು ಹದೀಸ್ ಅಬೂದಾವೂದ್‌ನಲ್ಲಿದೆ. ನೀವೂ ಕೇಳಿರಬಹುದು. ಅವರು ಬಾಲಕರಾಗಿದ್ದಾಗ ಪ್ರವಾದಿ(ಸ)ರವರು ಅವರ ಮನೆಯಲ್ಲಿ ಕುಳಿತಿದ್ದರು. ಬಾ, ಏನೋ ಕೊಡುತ್ತೇನೆಂದು ತಾಯಿ ಮಗನನ್ನು ಕರೆದರು. ಏನು ಕೊಡಬೇಕೆಂದಿದ್ದೀರಿ ಎಂದು ಪ್ರವಾದಿ(ಸ)ರವರು ಕೇಳಿದರು. ಖರ್ಜೂರ ಎಂದರು ತಾಯಿ. ಏನನ್ನೂ ಕೊಡದಿದ್ದರೆ ನಿಮ್ಮ ಹೆಸರಿನಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ಪ್ರವಾದಿ(ಸ)ರವರು ಎಚ್ಚರಿಸಿದರು. ಮಗುವನ್ನು ಕರೆಯಲು ಹೇಳುವ ಮಾತೂ ಅಲ್ಲಿ ಲೆಕ್ಕಕ್ಕೆ ಬರುತ್ತದೆಂದಾದರೆ, ಮಗುವನ್ನೇ ಮುಂದೆ ನಿಲ್ಲಿಸಿ ಅದರ ವಯಸ್ಸಿನ ಬಗ್ಗೆ ಹೇಳಿದ ಸುಳ್ಳಿನ ಗತಿಯೇನು?

ಮರುದಿನ ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಬೈಯಲಿಲ್ಲ. ಎಲ್ಲರನ್ನೂ ಮತ್ತೆ ಅಲ್ಲಿಗೆ ಕರೆದುಕೊಂಡು ಹೋದರು. ವ್ಯತ್ಯಾಸದ ಹಣ ಕೊಡಲು ಬಂದಿದ್ದೇವೆಂದಾಗ ಕೌಂಟರಿನ ಹುಡುಗಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಮೇಲಿನವರನ್ನು ಕರೆದಳು. ಅವರು ಹಣ ಪಡೆದು ರಶೀದಿ ಬರೆದು ಕೊಟ್ಟರು. ಹೋಗಿಬರಲು ಟ್ಯಾಕ್ಸಿಗೆ ತೆತ್ತದ್ದು ನಾನು ಉಳಿಸಿದ ಹಣಕ್ಕಿಂತ ಹೆಚ್ಚು! ಆದರೂ ಆ ರಶೀದಿಯನ್ನು ಮಗಳು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ. ಆ ಪ್ರವಾಸದಲ್ಲಿ ನಾವು ಕೊಂಡ ವಸ್ತುಗಳಲ್ಲಿ ಅತ್ಯಂತ ಬೆಲೆಬಾಳುವಂಥದ್ದು ಅದೇ ಎಂದು ನನಗನಿಸುತ್ತದೆ.

ಕೇಳಲು ನಾಚಿಕೆ ಏಕೆ?

ಇದು ಒಂದು ತುದಿ. ಇನ್ನೊಂದು ತುದಿಯೂ ಇದೆ. ರಿಯಾಯಿತಿ ಕೇಳುವುದೆಂದರೆ ಕೈಚಾಚಿದಂತೆ ಎಂದು ಭಾವಿಸುವ ಸಹೋದರಿಯರಿದ್ದಾರೆ. ನಾಲ್ಕು ಜನರ ಮುಂದೆ ಕೇಳಿದರೆ ಮರ್ಯಾದೆ ಹೋಗುತ್ತದೆಂಬ ಅಂಜಿಕೆ. ಇಂಗ್ಲಿಷ್ ಸರಿಯಾಗಿ ಬಾರದೆಂಬ ಸಂಕೋಚ ಬೇರೆ. ಪರಿಣಾಮವಾಗಿ ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳಿಗೆ ಪೂರ್ಣ ದರ ತೆತ್ತು, ಹೊರಬಂದ ಮೇಲೆ ಫಲಕ ಓದಿ ಪೇಚಾಡುತ್ತಾರೆ.

ರಿಯಾಯಿತಿಯು ಭಿಕ್ಷೆಯಲ್ಲ. ಆ ಸಂಸ್ಥೆಯೇ ಯೋಚಿಸಿ, ಬರೆದು, ಗೋಡೆಗೆ ಅಂಟಿಸಿದ ನಿಯಮ ಅದು. ಸಂಪಾದನೆ ಇಲ್ಲದ ವಯಸ್ಸಿನಲ್ಲಿ ಮಕ್ಕಳು ಬಂದು ನೋಡಲಿ, ಕಲಿಯಲಿ ಎಂಬುದೇ ಅದರ ಉದ್ದೇಶ. ಅರ್ಹತೆ ಇದ್ದೂ ಕೇಳದೆ ಹಣ ಕಳೆಯುವುದು ಉದಾರತೆಯಲ್ಲ. ದುಂದುಗಾರರನ್ನು ಕುರ್‌ಆನ್ ಶೈತಾನನ ಸಹೋದರರ ಸಾಲಿಗೆ ಸೇರಿಸಿದೆ ಎಂಬುದನ್ನು ಮರೆಯದಿರೋಣ. ನಮ್ಮ ಹಕ್ಕನ್ನು ತಲೆಯೆತ್ತಿ ಕೇಳೋಣ. ಹಕ್ಕಲ್ಲದ್ದನ್ನು ಮುಟ್ಟದಿರೋಣ. ಇಷ್ಟು ಸ್ಪಷ್ಟವಿದ್ದರೆ ಸಾಕು.

ರಿಯಾಯಿತಿಯಲ್ಲಿ ನಾಲ್ಕು ಬಗೆ

ಹಕ್ಕು ಯಾವುದು, ಅಲ್ಲದ್ದು ಯಾವುದು ಎಂದು ತಿಳಿಯಲು ರಿಯಾಯಿತಿಯ ಬಗೆಗಳನ್ನು ಅರಿಯಬೇಕು.

ಮೊದಲನೆಯದು ವಯಸ್ಸಿನ ರಿಯಾಯಿತಿ. ಇದಕ್ಕೆ ಪಾಸ್‌ಪೋರ್ಟಿನಲ್ಲಿರುವ ಹುಟ್ಟಿದ ದಿನಾಂಕವೇ ಸಾಕ್ಷಿ. ಸಾಮಾನ್ಯವಾಗಿ ಭೇಟಿಯ ದಿನದ ವಯಸ್ಸನ್ನು ನೋಡುತ್ತಾರೆ. ಎರಡನೆಯದು ವಿದ್ಯಾರ್ಥಿ ರಿಯಾಯಿತಿ. ಇದಕ್ಕೆ ಚಾಲ್ತಿಯಲ್ಲಿರುವ ಗುರುತು ಚೀಟಿ ಬೇಕು. ಮೂರನೆಯದು ನಾಗರಿಕರಿಗೆ ಅಥವಾ ನಿವಾಸಿಗಳಿಗೆ ಮಾತ್ರ ಇರುವ ರಿಯಾಯಿತಿ. ನಾಲ್ಕನೆಯದು ಎಲ್ಲರಿಗೂ ಉಚಿತವಾಗಿರುವ ದಿನ ಅಥವಾ ಹೊತ್ತು.

ಮೂರನೆಯದರಲ್ಲೇ ನಮ್ಮವರು ಹೆಚ್ಚಾಗಿ ಎಡವುವುದು. 'ಯುವಕರಿಗೆ ಉಚಿತ' ಎಂದು ಎಲ್ಲೋ ಓದಿಕೊಂಡು ಹೋಗುತ್ತಾರೆ. ಅಲ್ಲಿ ನೋಡಿದರೆ ಅದು ಆ ನಾಡಿನ ಯುವಕರಿಗೆ ಮಾತ್ರ. ಕೂಡಲೇ ಇದು ತಾರತಮ್ಯ ಎಂದು ಸಿಟ್ಟಾಗುತ್ತಾರೆ. ಆದರೆ ನಮ್ಮ ವಿಜಾಪುರದ ಗೋಲಗುಮ್ಮಟದಲ್ಲೂ ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300 ರೂಪಾಯಿ. ತಾಜ್‌ಮಹಲಿನಲ್ಲಿ ನಮಗೆ 50, ವಿದೇಶಿಯರಿಗೆ 1100. ಈ ಕಟ್ಟಡಗಳನ್ನು ಕಾಪಾಡಲು ನಾವು ತೆರಿಗೆಯ ಮೂಲಕ ಮೊದಲೇ ಒಂದು ಪಾಲು ಕೊಟ್ಟಿರುತ್ತೇವೆ. ಹೊರಗಿನವರು ಬಾಗಿಲಲ್ಲಿ ಕೊಡುತ್ತಾರೆ. ಬೇರೆ ದೇಶಗಳಲ್ಲೂ ಇದೇ ನ್ಯಾಯ. ಆದರೆ 15 ವರ್ಷದೊಳಗಿನ ಮಕ್ಕಳಿಗೆ, ಅವರು ಯಾವ ದೇಶದವರೇ ಆಗಿರಲಿ, ನಮ್ಮ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ ಇಲ್ಲ. ಮಗುವಿಗೆ ದೇಶವಿಲ್ಲ ಎಂಬ ಈ ಔದಾರ್ಯವನ್ನು ಬೇರೆ ಹಲವು ದೇಶಗಳಲ್ಲೂ ಕಾಣಬಹುದು.

ಆದರೆ 'ಮಗು' ಎಂಬ ಪದಕ್ಕೆ ಒಂದೊಂದು ಕಡೆ ಒಂದೊಂದು ಅರ್ಥ. ಎಲ್ಲೋ 8 ವರ್ಷಕ್ಕೆ ಬಾಲ್ಯ ಮುಗಿಯುತ್ತದೆ, ಎಲ್ಲೋ 12ಕ್ಕೆ, ಇನ್ನೆಲ್ಲೋ 18ಕ್ಕೆ. ಆದ್ದರಿಂದ ಒಂದು ಊರಿನ ನಿಯಮವನ್ನು ಇನ್ನೊಂದು ಊರಿನಲ್ಲಿ ಊಹಿಸಿಕೊಳ್ಳಬಾರದು.

ಗಲ್ಫಿನಲ್ಲಿ

ನಮ್ಮ ಕುಟುಂಬಗಳು ಹೆಚ್ಚಾಗಿ ಹೋಗುವುದು ಗಲ್ಫಿಗೆ. ಅಲ್ಲಿಂದಲೇ ಆರಂಭಿಸೋಣ.

ಕತಾರಿನ ದೋಹಾದಲ್ಲಿ 2008ರಲ್ಲಿ ತೆರೆದ ಇಸ್ಲಾಮಿಕ್ ಕಲಾ ಮ್ಯೂಸಿಯಂ ಇದೆ. ವಾಸ್ತುಶಿಲ್ಪಿ ಐ.ಎಂ. ಪೇ ಅದನ್ನು ವಿನ್ಯಾಸಗೊಳಿಸಿದವರು. ಹಸ್ತಪ್ರತಿಗಳು, ಲೋಹದ ಕೆಲಸ, ಪಿಂಗಾಣಿ, ರತ್ನಗಂಬಳಿಗಳು ಎಂದು ಇಸ್ಲಾಮೀ ನಾಗರಿಕತೆಯ ಹಲವು ಶತಮಾನಗಳ ಕೈಚಳಕ ಅಲ್ಲಿದೆ. ಕತಾರಿನ ನಿವಾಸಿಗಳಿಗೆ ಅಲ್ಲಿ ಪ್ರವೇಶ ಉಚಿತ. ಹೊರಗಿನಿಂದ ಬರುವವರಿಗೆ ಶುಲ್ಕವಿದೆ, ಆದರೆ ವಿದ್ಯಾರ್ಥಿಗಳಿಗೆ ಅರ್ಧ ದರ, ಚಿಕ್ಕ ಮಕ್ಕಳಿಗೆ ಉಚಿತ. ಅಂದರೆ ಅಲ್ಲಿ ದುಡಿಯುವ ಯಜಮಾನರು ಕತಾರ್ ಐಡಿ ತೋರಿಸಿ ಹಾಗೆಯೇ ಒಳಹೋಗಬಹುದು. ವಿಸಿಟ್ ವೀಸಾದಲ್ಲಿ ಹೋದ ನಿಮಗೆ ಟಿಕೆಟ್ ಬೇಕು. ಪಿಯುಸಿ ಓದುವ ಮಗನ ಗುರುತು ಚೀಟಿ ಕೈಯಲ್ಲಿದ್ದರೆ ಅವನಿಗೆ ಅರ್ಧವೇ ಸಾಕು.

2017ರ ನವೆಂಬರಿನಲ್ಲಿ ಆರಂಭವಾದ ಲೂವ್ರ್ ಅಬುಧಾಬಿಯಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಅದೇ ನಗರದ ಶೇಖ್ ಝಾಯಿದ್ ಮಸೀದಿಯನ್ನು ನೋಡಲು ಯಾರಿಗೂ ಶುಲ್ಕವಿಲ್ಲ. ಆದರೆ ಸಂದರ್ಶಕರು ಮುಂಗಡವಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಇದೂ ಉಚಿತವೇ. ಯಾರಾದರೂ ಮಧ್ಯವರ್ತಿಗಳು ಮಸೀದಿಯ ಟಿಕೆಟ್ ಎಂದು ಹಣ ಕೇಳಿದರೆ, ಆ ಹಣ ವಾಹನಕ್ಕೋ ಗೈಡಿಗೋ ಹೋಗುತ್ತದೆಯೇ ಹೊರತು ಮಸೀದಿಗಲ್ಲ ಎಂದು ತಿಳಿಯಿರಿ.

ಈಜಿಪ್ಟ್ ಮತ್ತು ಟರ್ಕಿ

ವಿದ್ಯಾರ್ಥಿ ಗುರುತು ಚೀಟಿಗೆ ಅತ್ಯಂತ ಹೆಚ್ಚು ಬೆಲೆ ಸಿಗುವ ದೇಶಗಳಲ್ಲಿ ಈಜಿಪ್ಟ್ ಒಂದು. ಅಲ್ಲಿನ ಸರಕಾರಿ ಪುರಾತತ್ವ ಸ್ಥಳಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೂ ಸುಮಾರು ಅರ್ಧ ದರ. ಗೀಝಾದ ಪಿರಮಿಡ್ಡುಗಳ ಬಳಿ ಕಟ್ಟಿದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ 2025ರ ನವೆಂಬರಿನಲ್ಲಿ ಪೂರ್ಣವಾಗಿ ತೆರೆದಾಗ ವಿದೇಶಿಯರಿಗೆ 1450 ಈಜಿಪ್ಟ್ ಪೌಂಡ್, ವಿದೇಶಿ ವಿದ್ಯಾರ್ಥಿಗಳಿಗೂ ಮಕ್ಕಳಿಗೂ 730 ಪೌಂಡ್ ಎಂದು ದರವಿತ್ತು. ಈಗ ಲೆಕ್ಕ ಹಾಕಿ. ತಂದೆ, ತಾಯಿ, ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು. ಗುರುತು ಚೀಟಿ ಇದ್ದರೆ 4360 ಪೌಂಡ್. ಮನೆಯ ಕಪಾಟಿನಲ್ಲಿ ಮರೆತು ಬಂದಿದ್ದರೆ 5800 ಪೌಂಡ್. ಒಂದೇ ಸ್ಥಳದಲ್ಲಿ 1440 ಪೌಂಡುಗಳ ವ್ಯತ್ಯಾಸ! ಪಿರಮಿಡ್ಡು, ಕೈರೋದ ಕೋಟೆ, ಲಕ್ಸರ್ ಎಂದು ನಾಲ್ಕೈದು ಕಡೆ ಹೋದರೆ ಈ ವ್ಯತ್ಯಾಸ ಎಷ್ಟಾದೀತೆಂದು ನೀವೇ ಊಹಿಸಿ.

ಕೈರೋದಲ್ಲೂ ಒಂದು ಇಸ್ಲಾಮಿಕ್ ಕಲಾ ಮ್ಯೂಸಿಯಂ ಇದೆ. 2014ರ ಜನವರಿಯಲ್ಲಿ ಹತ್ತಿರದಲ್ಲೇ ಬಾಂಬ್ ಸ್ಫೋಟಗೊಂಡು ಅದಕ್ಕೆ ತೀವ್ರ ಹಾನಿಯಾಗಿತ್ತು. ದುರಸ್ತಿಯಾಗಿ 2017ರಲ್ಲಿ ಮತ್ತೆ ತೆರೆಯಿತು. ಪಿರಮಿಡ್ಡು ನೋಡಿ ಬಂದವರೆಲ್ಲ ಇದನ್ನು ನೋಡದೆ ಮರಳುತ್ತಾರೆ. ಅಲ್ ಅಝ್‌ಹರ್ ಮಸೀದಿಗಂತೂ ಶುಲ್ಕವೇ ಇಲ್ಲ.

ಟರ್ಕಿಯ ರೀತಿ ಬೇರೆ. ಇಸ್ತಾಂಬುಲಿನ ಹಾಗಿಯಾ ಸೋಫಿಯಾ 2020ರ ಜುಲೈಯಲ್ಲಿ ಮತ್ತೆ ಮಸೀದಿಯಾಯಿತು. 2024ರ ಜನವರಿ 15ರಿಂದ, ನೋಡಲೆಂದು ಬರುವ ವಿದೇಶಿಯರು ಮೇಲಿನ ಅಂತಸ್ತಿಗೆ 25 ಯೂರೋ ಟಿಕೆಟ್ ಪಡೆಯಬೇಕೆಂಬ ನಿಯಮ ಬಂತು. 8 ವರ್ಷದೊಳಗಿನ ಮಕ್ಕಳಿಗೆ ಮಾತ್ರ ವಿನಾಯಿತಿ. ಕಾಲೇಜಿನ ಚೀಟಿ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ನಾಲ್ಕು ಜನರ ಕುಟುಂಬ 100 ಯೂರೋ ಎತ್ತಿಡಬೇಕು. ಬೇಸರಪಡಬೇಡಿ. ಎದುರಿಗೇ ಇರುವ ಸುಲ್ತಾನ್ ಅಹ್ಮದ್ ಮಸೀದಿಗೂ, ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಸುಲೈಮಾನಿಯಾ ಮಸೀದಿಗೂ ಪ್ರವೇಶ ಶುಲ್ಕವಿಲ್ಲ. ನಮಾಝ್ ಮಾಡಿ, ಗುಮ್ಮಟದ ಕೆಳಗೆ ಮಕ್ಕಳನ್ನು ಕೂರಿಸಿ, ಅದರ ಚರಿತ್ರೆ ಹೇಳಿ. ಅದಕ್ಕೆ ಟಿಕೆಟ್ ಬೇಕಾಗಿಲ್ಲ.

ಯುರೋಪಿನಲ್ಲಿ ಓದುವ ಮಕ್ಕಳಿಗೆ

ಯುರೋಪಿನಲ್ಲಿ ರಿಯಾಯಿತಿಗಳು ಹೆಚ್ಚು, ಗೊಂದಲವೂ ಹೆಚ್ಚು.

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ 18 ವರ್ಷದೊಳಗಿನ ಎಲ್ಲ ದೇಶದ ಮಕ್ಕಳಿಗೂ ಉಚಿತ. 18ರಿಂದ 25 ವರ್ಷದವರಿಗೂ ಉಚಿತ. ಆದರೆ ಅವರು ಐರೋಪ್ಯ ಆರ್ಥಿಕ ವಲಯದ ನಿವಾಸಿಗಳಾಗಿರಬೇಕು. ಆ ವಲಯದ ಹೊರಗಿನಿಂದ ಬರುವವರಿಗೆ 2026ರ ಜನವರಿಯಿಂದ ದರವನ್ನು 22ರಿಂದ 32 ಯೂರೋಗೆ ಏರಿಸಲಾಗಿದೆ. ಹೀಗಾಗಿ ನಿಮ್ಮೊಂದಿಗೆ ಊರಿನಿಂದ ಹೋದ 17ರ ಮಗನಿಗೆ ಉಚಿತ, 19ರ ಮಗಳಿಗೆ 32 ಯೂರೋ. ಆದರೆ ಅದೇ ಮಗಳು ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಓದುತ್ತಿದ್ದು, ಅಲ್ಲಿನ ನಿವಾಸ ಪರವಾನಗಿ ಹೊಂದಿದ್ದರೆ ಅವಳಿಗೂ ಉಚಿತ. ಇಲ್ಲಿ ನೋಡುವುದು ಪಾಸ್‌ಪೋರ್ಟಿನ ಬಣ್ಣವನ್ನಲ್ಲ, ವಾಸಸ್ಥಳವನ್ನು. ಇದು ತಿಳಿಯದೆ ಹಣ ಕೊಟ್ಟು ಒಳಹೋಗುವ ನಮ್ಮ ವಿದ್ಯಾರ್ಥಿಗಳಿದ್ದಾರೆ. 2012ರಲ್ಲಿ ಅಲ್ಲಿ ಇಸ್ಲಾಮೀ ಕಲೆಗೆ ಪ್ರತ್ಯೇಕ ವಿಭಾಗ ತೆರೆದಿದೆ. ಅದನ್ನು ನೋಡಲು ಮರೆಯಬೇಡಿರೆಂದು ಮಕ್ಕಳಿಗೆ ಹೇಳಿ.

ಇಟಲಿಗೆ ಹೋದರೆ ನಿಯಮ ಬದಲಾಗುತ್ತದೆ. ಅಲ್ಲಿನ ಸರಕಾರಿ ಮ್ಯೂಸಿಯಂ ಮತ್ತು ಸ್ಮಾರಕಗಳಲ್ಲಿ 18ರೊಳಗಿನ ಎಲ್ಲರಿಗೂ ಉಚಿತ. 18ರಿಂದ 25ರವರೆಗೆ ಕೇವಲ 2 ಯೂರೋ, ಆದರೆ ಅದು ಯುರೋಪಿಯನ್ ಒಕ್ಕೂಟದ ನಾಗರಿಕರಿಗೆ. ಜರ್ಮನಿಯಲ್ಲಿ ಓದುವ ನಿಮ್ಮ ಮಗಳು ಪ್ಯಾರಿಸ್‌ನಲ್ಲಿ ಉಚಿತವಾಗಿ ಹೋಗಿ, ರೋಮಿನ ಕೊಲೋಸಿಯಂನಲ್ಲಿ ಪೂರ್ಣ ದರ ಕೊಡಬೇಕಾದೀತು. ಆದರೆ ತಿಂಗಳ ಮೊದಲ ಭಾನುವಾರ ಇಟಲಿಯ ಸರಕಾರಿ ಮ್ಯೂಸಿಯಂಗಳು ಎಲ್ಲರಿಗೂ ಉಚಿತ. ನೂಕುನುಗ್ಗಲನ್ನು ಸಹಿಸಿಕೊಳ್ಳಬೇಕು, ಅಷ್ಟೆ.

ಸ್ಪೇನಿನ ಹೆಸರು ಕೇಳಿದರೆ ನಮ್ಮ ಮನಸ್ಸು ಉಂದ್ಲುಸ್ ಕಡೆಗೆ ಹೊರಳುತ್ತದೆ. ಗ್ರಾನಡಾದ ಅಲ್‌ಹಂಬ್ರಾದಲ್ಲಿ 12 ವರ್ಷದೊಳಗಿನವರಿಗೆ ಉಚಿತ, 12ರಿಂದ 15ರವರೆಗೆ ಕಡಿಮೆ ದರ. ಉಚಿತವಾದರೂ ಮಗುವಿನ ಹೆಸರಿನಲ್ಲಿ ಟಿಕೆಟ್ ಇರಬೇಕು. ಟಿಕೆಟಿನಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಅರಮನೆಯ ಬಾಗಿಲಲ್ಲಿ ಪಾಸ್‌ಪೋರ್ಟಿನೊಂದಿಗೆ ಹಾಜರಿರಬೇಕು. ತಡವಾದರೆ ಅರಮನೆಯ ಒಳಗೆ ಬಿಡುವುದಿಲ್ಲ. 8ನೇ ಶತಮಾನದಲ್ಲಿ ಒಂದನೆಯ ಅಬ್ದುರ್ರಹ್ಮಾನ್ ಕಟ್ಟಲು ಆರಂಭಿಸಿದ ಕೊರ್ಡೋಬಾದ ಮಸೀದಿ 1236ರಿಂದ ಚರ್ಚಾಗಿದೆ. ಅಲ್ಲಿ ವಿದ್ಯಾರ್ಥಿಗಳಿಗೆ 26 ವರ್ಷದವರೆಗೆ ಕಡಿಮೆ ದರವಿದೆ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8.30ರಿಂದ 9.30ರವರೆಗೆ ಎಲ್ಲರಿಗೂ ಉಚಿತ ಪ್ರವೇಶದ ಪದ್ಧತಿಯೂ ಇದೆ. ಆ ಹೊತ್ತಿನ ಮೌನದಲ್ಲಿ ಆ ಸಾಲುಸಾಲು ಕಮಾನುಗಳ ನಡುವೆ ನಿಲ್ಲುವುದು ಬೇರೆಯೇ ಅನುಭವ. ಆದರೆ ಒಳಗೆ ನಮಾಝ್ ಮಾಡಲು ಅನುಮತಿಯಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ತಿಳಿಸಿ ಕರೆದೊಯ್ಯಿರಿ.

ಮ್ಯಾಡ್ರಿಡ್‌ನ ಪ್ರಾದೋ ಮ್ಯೂಸಿಯಂ ಹೆಚ್ಚು ಉದಾರಿ. 18ರಿಂದ 25 ವರ್ಷದ ವಿದ್ಯಾರ್ಥಿ ಯಾವ ದೇಶದವನಾದರೂ ಅಲ್ಲಿ ಉಚಿತ. ಮಂಗಳೂರಿನ ಕಾಲೇಜಿನ ಚೀಟಿಗೂ ಅಲ್ಲಿ ಬೆಲೆಯಿದೆ ಎಂದಾಯಿತು!

ಲಂಡನ್ನಿನಲ್ಲಿ ಟಿಪ್ಪುವಿನ ಹುಲಿ

ಬ್ರಿಟನ್ ದುಬಾರಿ ಎಂಬುದು ನಿಜ. ಆದರೆ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗಳ ಶಾಶ್ವತ ಸಂಗ್ರಹಗಳನ್ನು ನೋಡಲು 2001ರ ಡಿಸೆಂಬರಿನಿಂದ ಶುಲ್ಕವಿಲ್ಲ. ವಯಸ್ಸು ಯಾವುದೂ ಆಗಲಿ, ದೇಶ ಯಾವುದೂ ಆಗಲಿ. ಬ್ರಿಟಿಷ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಲ್ಲವೂ ಹೀಗೆಯೇ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಅದರಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚಾಗಿ ರಿಯಾಯಿತಿ ಇರುತ್ತದೆ.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೇ ನಮ್ಮ ಟಿಪ್ಪು ಸುಲ್ತಾನರ ಮರದ ಹುಲಿ ಇರುವುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಹೊತ್ತೊಯ್ದ ಹುಲಿ ಅದು. ಇಂಗ್ಲಿಷ್ ಸಿಪಾಯಿಯ ಮೇಲೆ ಎರಗಿದ ಆ ಹುಲಿಯ ಹೊಟ್ಟೆಯೊಳಗೆ ಸಂಗೀತದ ಯಂತ್ರವಿದೆ. ನಮ್ಮ ಮನೆಯ ವಸ್ತುವನ್ನು ನೋಡಲು ಏಳು ಸಮುದ್ರ ದಾಟಬೇಕಾಯಿತಲ್ಲಾ ಎಂದು ಮನಸ್ಸು ಮುದುಡಬಹುದು. ಅದನ್ನು ನೋಡಲು ಹಣ ಕೊಡಬೇಕಾಗಿಲ್ಲವೆಂಬುದಷ್ಟೇ ಸಮಾಧಾನ. ಅಲ್ಲಿಯೇ 16ನೇ ಶತಮಾನದ ಅರ್ದಬಿಲ್ ರತ್ನಗಂಬಳಿಯೂ ಇದೆ.

ಅಲ್ಲಿ ಓದುವ ಮಕ್ಕಳಿಗೆ ಇನ್ನೊಂದು ಮಾತು. 16ರಿಂದ 25 ವರ್ಷದವರಿಗೆ ಅಲ್ಲಿ ರೈಲ್‌ಕಾರ್ಡ್ ಸಿಗುತ್ತದೆ. 2025ರಲ್ಲಿ ಅದರ ಬೆಲೆ ವರ್ಷಕ್ಕೆ 35 ಪೌಂಡ್ ಆಯಿತು. ರೈಲು ಟಿಕೆಟಿನಲ್ಲಿ ಮೂರನೇ ಒಂದು ಪಾಲು ಕಡಿತವಾಗುತ್ತದೆ. ಎರಡು ಮೂರು ದೂರ ಪ್ರಯಾಣದಲ್ಲೇ ಕೊಟ್ಟ ಹಣ ಮರಳಿ ಬರುತ್ತದೆ. ಯುರೋಪಿನ ಹಲವು ದೇಶಗಳನ್ನು ರೈಲಿನಲ್ಲಿ ಸುತ್ತುವವರಿಗೆ ಯೂರೇಲ್ ಪಾಸಿನಲ್ಲೂ 12ರಿಂದ 27 ವರ್ಷದವರಿಗೆ ಕಡಿಮೆ ದರವಿದೆ. 4ರಿಂದ 11 ವರ್ಷದ ಮಕ್ಕಳು ದೊಡ್ಡವರ ಜೊತೆಗೆ ಉಚಿತ.

ಹೊರಡುವ ಮುನ್ನ

ಹಾಗಾದರೆ ನಾವು ಮಾಡಬೇಕಾದುದೇನು?

ಮಕ್ಕಳ ಶಾಲಾ-ಕಾಲೇಜು ಗುರುತು ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ಅದರಲ್ಲಿ ಫೋಟೋ, ಹೆಸರು, ಸಂಸ್ಥೆಯ ಹೆಸರು, ಯಾವ ವರ್ಷದವರೆಗೆ ಎಂಬುದು ಇಂಗ್ಲಿಷಿನಲ್ಲಿ ಇರಲಿ. ಕನ್ನಡದಲ್ಲಿ ಮಾತ್ರ ಇರುವ ಚೀಟಿಯನ್ನು ಕೈರೋದ ಕೌಂಟರಿನಲ್ಲಿ ಓದುವವರಾರು? ಹಾಗಿದ್ದರೆ ಪ್ರಾಂಶುಪಾಲರಿಂದ ಇಂಗ್ಲಿಷಿನಲ್ಲಿ ಒಂದು ವ್ಯಾಸಂಗ ಪ್ರಮಾಣ ಪತ್ರ ಮಾಡಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಚೀಟಿಯ ಹೆಸರಿಗೂ ಹೊಂದಾಣಿಕೆ ಇದೆಯೇ ನೋಡಿ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ.

ಅಂತಾರಾಷ್ಟ್ರೀಯ ವಿದ್ಯಾರ್ಥಿ ಗುರುತು ಚೀಟಿ ಎಂಬುದೊಂದಿದೆ. ಐಸಿಕ್ ಎಂದು ಕರೆಯುತ್ತಾರೆ. 12 ವರ್ಷ ದಾಟಿದ ಪೂರ್ಣಾವಧಿ ವಿದ್ಯಾರ್ಥಿಗಳು ಅದನ್ನು ಪಡೆಯಬಹುದು. ಓದು ಮುಗಿಸಿದ ಆದರೆ 31 ತುಂಬದ ಯುವಕ ಯುವತಿಯರಿಗೆ ಅದೇ ಸಂಸ್ಥೆಯ ಯುವ ಪ್ರವಾಸಿ ಚೀಟಿ ಇದೆ. ಆದರೆ ಇದನ್ನು ಮಾಡಿಸಲು ಹಣ ಕೊಡಬೇಕು. ನೀವು ಹೋಗುವ ಸ್ಥಳಗಳಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಮಾಡಿಸಿ. ಎರಡು ದಿನ ದುಬೈ ನೋಡಿ ಬರುವವರಿಗೆ ಅದರ ಅಗತ್ಯ ಬೀಳಲಾರದು. ಎರಡು ವಾರ ಈಜಿಪ್ಟ್, ಯುರೋಪ್ ಸುತ್ತುವವರಿಗೆ ಅದು ಉಪಯುಕ್ತ.

ಪ್ಯಾಕೇಜಿನಲ್ಲಿ ಹೋಗುವವರು ಏಜೆಂಟರನ್ನು ಮೊದಲೇ ಕೇಳಿ: "ಪ್ರವೇಶ ಶುಲ್ಕ ಇದರಲ್ಲಿ ಸೇರಿದೆಯೇ? ನನ್ನ ಮಕ್ಕಳಿಗೆ ದೊಡ್ಡವರ ದರ ಹಾಕಿದ್ದೀರಾ, ವಿದ್ಯಾರ್ಥಿ ದರ ಹಾಕಿದ್ದೀರಾ?" ಹಣ ಕಟ್ಟುವ ಮುನ್ನ ಕೇಳಿದರೆ ಉತ್ತರ ಸಿಗುತ್ತದೆ. ಕಟ್ಟಿದ ಮೇಲೆ ಕೇಳಿದರೆ ನೆಪ ಸಿಗುತ್ತದೆ.

ಸ್ವಂತವಾಗಿ ಹೋಗುವವರು ಆಯಾ ಸ್ಥಳದ ಅಧಿಕೃತ ವೆಬ್‌ಸೈಟಿನಲ್ಲೇ ದರ ನೋಡಿ, ಅಲ್ಲಿಯೇ ಟಿಕೆಟ್ ಪಡೆಯಿರಿ. ಮಧ್ಯವರ್ತಿಗಳ ವೆಬ್‌ಸೈಟುಗಳು ಎಷ್ಟೋ ಸಲ ಮಕ್ಕಳ ಉಚಿತ ಟಿಕೆಟಿಗೂ ಸೇವಾ ಶುಲ್ಕ ಹಾಕುತ್ತವೆ. ದರಗಳು ವರ್ಷವರ್ಷವೂ ಬದಲಾಗುತ್ತವೆ. ಈ ಲೇಖನವನ್ನು ಕತ್ತರಿಸಿ ಇಟ್ಟುಕೊಂಡರೂ ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ಕೆಲವು ಕಡೆ ಇಬ್ಬರು ದೊಡ್ಡವರು ಮತ್ತು ಎರಡು ಮೂರು ಮಕ್ಕಳಿಗೆ ಕುಟುಂಬ ಟಿಕೆಟ್ ಇರುತ್ತದೆ. ಬಿಡಿಬಿಡಿಯಾಗಿ ಕೊಂಡರೆ ಎಷ್ಟು, ಒಟ್ಟಾಗಿ ಎಷ್ಟು ಎಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿ. ಗಣಿತದ ಪಾಠವೂ ಆಯಿತು, ಮನೆಯ ಖರ್ಚಿನ ಅರಿವೂ ಆಯಿತು.

ನಕಲಿ ಚೀಟಿಯ ಪ್ರಲೋಭನೆ

ಓದು ಬಿಟ್ಟು ವರ್ಷಗಳಾದ ಮೇಲೂ ಹಳೆಯ ಚೀಟಿ ತೋರಿಸಿ ನುಸುಳುವವರಿದ್ದಾರೆ. ತಮ್ಮನ ಚೀಟಿಯನ್ನು ಅಣ್ಣ ತೋರಿಸುವುದೂ ಇದೆ. ಪ್ರವಾಸಿಗರು ತುಂಬಿರುವ ಕೆಲವು ನಗರಗಳ ಬೀದಿಗಳಲ್ಲಿ ನಕಲಿ ವಿದ್ಯಾರ್ಥಿ ಚೀಟಿಗಳನ್ನೇ ಮಾರುತ್ತಾರೆ. 'ಎಲ್ಲರೂ ಮಾಡುತ್ತಾರೆ, ಅವರಿಗೇನು ನಷ್ಟ' ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಆದರೆ ಸುಳ್ಳು ಚೀಟಿಗಳು ಹೆಚ್ಚಾದ ಹಾಗೆ ಕೌಂಟರಿನವರು ನಿಜವಾದ ವಿದ್ಯಾರ್ಥಿಯ ಚೀಟಿಯನ್ನೂ ಅನುಮಾನದಿಂದ ನೋಡುತ್ತಾರೆ. ನಷ್ಟವಾಗುವುದು ಬಡ ಮನೆಯಿಂದ ಸ್ಕಾಲರ್‌ಶಿಪ್ ಪಡೆದು ಹೋದ ಆ ಹುಡುಗಿಗೆ.

ಅಳೆದು ಪಡೆಯುವಾಗ ಪೂರ್ತಿ ಪಡೆದು, ಅಳೆದು ಕೊಡುವಾಗ ಕಡಿಮೆ ಕೊಡುವವರ ವಿನಾಶದ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಅದು ಅಂಗಡಿಯ ತಕ್ಕಡಿಗೆ ಮಾತ್ರ ಸಂಬಂಧಿಸಿದ್ದೆಂದು ನಾವು ಭಾವಿಸಿದ್ದೇವೆ. ಟಿಕೆಟ್ ಕೌಂಟರಿನ ಮುಂದೆಯೂ ಒಂದು ತಕ್ಕಡಿ ಇರುತ್ತದೆ. ನೋಡುವ ಸಂತೋಷವನ್ನು ಪೂರ್ತಿ ಪಡೆದು ಬೆಲೆಯನ್ನು ಅರ್ಧ ಕೊಟ್ಟರೆ ತಕ್ಕಡಿ ಯಾವ ಕಡೆ ವಾಲಿತು? ವಿದೇಶದಲ್ಲಿ ಸಿಕ್ಕಿಬಿದ್ದರೆ ಆಗುವ ಅವಮಾನ ಬೇರೆ. ಆಗ ಜನ ನಮ್ಮ ಹೆಸರನ್ನು ನೋಡುವುದಿಲ್ಲ. ನಮ್ಮ ದೇಶವನ್ನೂ ತಲೆಯ ಮೇಲಿನ ಸ್ಕಾರ್ಫನ್ನೂ ನೋಡುತ್ತಾರೆ.

ಸಹೋದರಿಯರೇ, ಪ್ರವಾಸದಿಂದ ಮರಳಿದ ಮೇಲೆ ಫೋಟೋಗಳು ಮಾಸುತ್ತವೆ. ಯಾವ ಮ್ಯೂಸಿಯಂನಲ್ಲಿ ಏನಿತ್ತೆಂಬುದೂ ಮರೆತು ಹೋಗುತ್ತದೆ. ಕೌಂಟರಿನ ಮುಂದೆ ಉಮ್ಮ ಏನು ಹೇಳಿದರೆಂಬುದನ್ನು ಮಾತ್ರ ಮಕ್ಕಳು ಮರೆಯುವುದಿಲ್ಲ. ಮುಂದಿನ ಸಲ ಗಾಜಿನ ಆಚೆಯಿಂದ ಯಾರಾದರೂ ಮಗುವಿನ ವಯಸ್ಸೆಷ್ಟು ಎಂದು ಕೇಳಿದರೆ, ಉತ್ತರವನ್ನು ಮಗುವಿನ ಬಾಯಿಂದಲೇ ಹೇಳಿಸಿ. ನಾನಂತೂ ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ.

ನಿಮ್ಮ ಪ್ರಯಾಣವನ್ನು ಅಲ್ಲಾಹನು ಸುಗಮಗೊಳಿಸಲಿ. ಆಮೀನ್.